ಮಡಿ ರೊಟ್ಟಿ

ಬುಟ್ಟಿಯ ಮುಚ್ಚಳ ವಾರೆಯಾಗಿತ್ತು. ಯಾಜಕ ಮಲ್ಕೀಯ ಒಳಗೆ ಇಣುಕಿದ. ಬೆಳಿಗ್ಗೆ ತಾನೇ ಸುಟ್ಟಿಟ್ಟಿದ್ದ ರೊಟ್ಟಿಗಳಲ್ಲಿ ಒಂದನ್ನು ಯಾರೋ ಅರ್ಧ ಮುರಿದಿದ್ದರು.

ಹಿಂದೆಯೇ ನಿಂತಿದ್ದ ಲೇವಿಯ ಶಿಮ್ರಿಯೂ ನೋಡಿದ. ಊರೂರು ತಿರುಗಿ ಬೆಳೆಯ ದಶಮಾಂಶ ಎತ್ತುವವನು ಅವನು. ಎತ್ತಿದ್ದರಲ್ಲಿ ಮತ್ತೆ ಹತ್ತರಲ್ಲೊಂದು ಪಾಲನ್ನು ಯಾಜಕನ ಮನೆಗೆ ತಂದು ಸುರಿಯಬೇಕು. ಆ ಕಾಳೂ ಅದರ ರೊಟ್ಟಿಯೂ ದೇವರದು. ಯಾಜಕನೂ ಅವನ ಮನೆಯವರೂ ಮಡಿಯಲ್ಲಿ ತಿನ್ನಬೇಕು. ಹೊರಗಿನವರು ಬಾಯಿಗಿಟ್ಟರೆ ಸಾವು ತಪ್ಪದು ಎಂಬುದು ಕಟ್ಟಳೆ.

“ಏನ್ ಸ್ವಾಮಿ, ದೇವರೇ ಇಳಿದು ಬಂದು ತಿಂದುಹೋದ್ನಾ?” ಶಿಮ್ರಿ ಹಲ್ಲುಕಿರಿದ. ಕಣ್ಣು ಮಾತ್ರ ಅಂಗಳದ ಕಡೆಗಿತ್ತು. ಅಲ್ಲಿ ಮಲ್ಕೀಯನ ಮಗಳು ಯೆರೂಷ ಕೂತಿದ್ದಳು.

“ಇಲಿ ಕಣಯ್ಯಾ.”

“ತಿಂದು, ಮತ್ತೆ ಮುಚ್ಚಳ ಮುಚ್ಚೋ ಇಲಿ! ಭಾರಿ ಮರ್ಯಾದಸ್ಥ ಇಲಿ ಬಿಡಿ.” ಶಿಮ್ರಿ ಖಾಲಿ ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡ. “ಹಿರಿಯರ ಕಿವಿಗೆ ಬಿದ್ರೆ ಇಲೀನೂ ಉಳಿಯಲ್ಲ, ನಿಮ್ಮ ಯಾಜಕತನಾನೂ ಉಳಿಯಲ್ಲ. ಹುಷಾರು.”

ಅವನು ಹೋದ. ಮಲ್ಕೀಯ ಬಾಗಿಲ ಚೌಕಟ್ಟು ಹಿಡಿದು ನಿಂತ. ಬಲಿಪೀಠದ ಮುಂದೆ ಆಶೀರ್ವಾದ ನುಡಿಯುವ ಬಾಯಿ ಸುಳ್ಳಾಡಿತ್ತು. ಆಡದೆ ಏನು ಮಾಡಿಯಾನು? ತಾಯಿಯಿಲ್ಲದ ಮಗಳು, ಇದ್ದವಳೊಬ್ಬಳೇ.

ಅವಳನ್ನು ದ್ರಾಕ್ಷಿತೋಟದವನೊಬ್ಬನಿಗೆ ಕೊಟ್ಟಿದ್ದ. ಯಾಜಕರ ಕುಲದವನಲ್ಲ. ದಿಬ್ಬಣ ಹೊರಡುವ ದಿನ ತಾನೇ ಕೂರಿಸಿಕೊಂಡು ಹೇಳಿದ್ದ: “ಇವತ್ತಿಂದ ಈ ರೊಟ್ಟಿ ನಿನಗಿಲ್ಲ ಮಗಳೇ. ನಾಳೆ ಗಂಡ ಸತ್ತರೂ, ಮಡಿಲಲ್ಲಿ ಅವನ ಕೂಸಿದ್ದರೆ ನೀನು ಆ ಮನೆಯವಳೇ. ಬರಿಗೈಯಲ್ಲಿ ಬಂದವಳಿಗಷ್ಟೇ ತವರಿನ ತಟ್ಟೆ.” ಗಂಡ ಕಳೆದ ಸುಗ್ಗಿಯಲ್ಲಿ ಜ್ವರ ಬಂದು ಸತ್ತ. ಮಡಿಲಲ್ಲಿ ಗಂಡು ಕೂಸಿತ್ತು. ಸದ್ಯ, ವಂಶ ಉಳಿಯಿತಲ್ಲ ಎಂದು ಮಲ್ಕೀಯ ದೇವರಿಗೆ ಕೈಮುಗಿದಿದ್ದ.

ಹೋದ ವಾರ ಒಬ್ಬಳೇ ನಡೆದು ಬಂದಳು.

“ಮಗು ಎಲ್ಲಮ್ಮಾ?”

“ಅವರಪ್ಪನ ಕಡೇಲೇ ಬಿಟ್ಟು ಬಂದೆ.”

ತೋಟಕ್ಕೆ ವಾರಸುದಾರ, ಬೀಗರು ಹೇಗೆ ಕಳಿಸಿಯಾರು? ಮಲ್ಕೀಯ ಅಪ್ಪಿಕೊಳ್ಳಲು ಕೈಚಾಚಿದ. “ಹತ್ತಿರ ಬರಬೇಡಪ್ಪಾ,” ಎಂದು ಅವಳು ಹಿಂದೆ ಸರಿದಳು. ವಾರವಿಡೀ ಅಂಗಳದ ಮೂಲೆಯಲ್ಲೇ ಮಲಗಿದಳು. ಒಂದು ಪಾತ್ರೆ ಮುಟ್ಟಲಿಲ್ಲ. ಅಪ್ಪ ನೆರೆಯವರಲ್ಲಿ ಕೇಳಿ ತಂದ ಜವೆಗೋದಿಯ ಗಂಜಿಯನ್ನು ದೂರದಿಂದಲೇ ಸುರಿಸಿಕೊಂಡು ಕುಡಿದಳು. ಹೊರಗಿನವನಿಗೆ ಕೊಟ್ಟೆನೆಂದು ಮುನಿಸಿರಬೇಕು ಎಂದುಕೊಂಡ. ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದಳು. ಚಳಿಗಿರಬೇಕು ಎಂದುಕೊಂಡ. ಗಂಡಸಿಗೆ ಇನ್ನೇನು ತೋಚೀತು?

ಮೊಮ್ಮಗನಿಗೆಂದು ಕೆತ್ತಿಟ್ಟಿದ್ದ ಆಲಿವ್ ಮರದ ಗಿಲಕಿಯನ್ನು ಅವಳ ಮುಂದಿಟ್ಟಿದ್ದ.

“ಹಲ್ಲು ಬಂತಾ ನಮ್ಮ ಯಜಮಾನನಿಗೆ?”

“ಎರಡು ಬಂದಿತ್ತು.”

ಗಿಲಕಿ ಅವಳ ಕೈಬಿಡಲಿಲ್ಲ. ಅದರ ಸದ್ದು ಮಾತ್ರ ಒಮ್ಮೆಯೂ ಕೇಳಲಿಲ್ಲ. ನಿನ್ನೆ ಸಂಜೆ ತೊರೆಯಲ್ಲಿ ತಲೆಗೆ ಮಿಂದು ಬಂದು, ಒದ್ದೆ ಕೂದಲಲ್ಲೇ ಹೊತ್ತು ಮುಳುಗುವುದನ್ನು ಕಾಯುತ್ತ ಕೂತಿದ್ದಳು. ಆಮೇಲೆ ಮೊದಲ ಸಲ ಹೊಸ್ತಿಲು ದಾಟಿದಳು. ಮುನಿಸು ಇಳಿಯಿತು ಎಂದು ಅಪ್ಪನಿಗೆ ಹಿಗ್ಗು.

ಈಗ ಈ ರೊಟ್ಟಿ.

“ಒಳಗೆ ಬಾ,” ಎಂದ. ಬಂದಳು. “ನೀನೇನಾ?”

“ಹೂಂ.”

“ಅಯ್ಯೋ ದೇವರೇ! ಮಗನಿಗೆ ಕಟ್ಟಿಟ್ಟಿದ್ದೀಯಾ? ಕೊಡಿಲ್ಲಿ. ಆ ಕೂಸಿನ ಬಾಯಿಗೆ ಬಿದ್ರೆ ಅದರ ಪ್ರಾಣಕ್ಕೇ ಕುತ್ತು ಕಣೇ!”

“ಕಟ್ಟಿಟ್ಟಿಲ್ಲ. ನಾನೇ ತಿಂದೆ.”

“ಹಸಿವಾದ್ರೆ ನನ್ನ ಕೇಳಬಾರದಿತ್ತಾ? ಬೇಡಿಯಾದ್ರೂ ತರ್ತಿದ್ದೆ.”

“ಹಸಿವಿಗಲ್ಲಪ್ಪಾ. ಬುಟ್ಟಿ ನೋಡಿದ್ರೆ ನಿನಗೇ ತಿಳಿಯುತ್ತೆ ಅಂದ್ಕೊಂಡೆ. ನನ್ನ ಬಾಯಿಂದ ಆಗ್ಲಿಲ್ಲ.”

ಮಲ್ಕೀಯನಿಗೆ ಅದೊಂದೂ ತಲೆಗೆ ಹೋಗಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. “ಆಯ್ತು, ಆದದ್ದಾಯ್ತು. ನಾನು ಯೆರೂಸಲೇಮಿಗೆ ಹೋಗ್ತೀನಿ. ತಪ್ಪು ನಂದೇ ಅಂತೀನಿ, ತಿಂದದ್ದಕ್ಕೆ ಮೇಲಿಷ್ಟು ದಂಡ ಸೇರಿಸಿ ದೇವಾಲಯಕ್ಕೆ ಸುರೀತೀನಿ. ದೇವರು ಕರುಣೆ ಇರೋನು, ನಿನ್ನ ಉಳಿಸ್ತಾನೆ. ಆದ್ರೆ ಇನ್ನು ಮುಟ್ಟಲ್ಲ ಅಂತ ಆಣೆ ಮಾಡು. ನಿನ್ನ ಮಗನ ಮೇಲಾಣೆ ಮಾಡು!”

ಯೆರೂಷ ಮುಂದೆ ಬಂದಳು. ಗಿಲಕಿಯನ್ನು ಅಪ್ಪನ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. ಬುಟ್ಟಿಯಿಂದ ಉಳಿದರ್ಧ ರೊಟ್ಟಿ ತೆಗೆದಳು. ಒಲೆಯ ಬಲಕ್ಕೆ, ಚಿಕ್ಕಂದಿನಲ್ಲಿ ಉಣ್ಣುತ್ತಿದ್ದ ತನ್ನ ಜಾಗದಲ್ಲಿ ಹೋಗಿ ಕೂತಳು.

“ನಾನು ಕದ್ದಿಲ್ಲಪ್ಪಾ. ಏಳು ದಿನದ ಸೂತಕ ಕಳೆದು, ಮಿಂದೇ ಮುಟ್ಟಿದ್ದು,” ಎಂದಳು. “ಬರಿಗೈಯಲ್ಲಿ ಬಂದವಳಿಗೆ ತವರಿನ ತಟ್ಟೆ ಅಂತ ನೀನೇ ತಾನೆ ಹೇಳಿದ್ದು?”