ಮಿರ್ಚಿ ಕಟ್ಟಿದ ಹಾಳೆ

ಮಿರ್ಚಿಯ ಎಣ್ಣೆ ಹತ್ತಿದ ಕಾಗದದ ವಾಸನೆ ಬಂದರೆ ಇಂದಿಗೂ ಮೊದಲು ಆ ಕಾಗದವನ್ನು ಬಿಡಿಸಿ ಓದುತ್ತೇನೆ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ, ಕೂಡ್ಲಿಗಿಯ ನಮ್ಮ ಓಣಿಯಲ್ಲಿ ನನ್ನಷ್ಟು ಸರಾಗವಾಗಿ ಓದುವವರಿರಲಿಲ್ಲ. ಅಜ್ಜಿಯ ಕಟ್ಟೆಯ ಮೇಲೆ ಬಿತ್ತನೆಯ ಶೇಂಗಾ ಸುಲಿಯುವ ಹೆಂಗಸರು, ಬೇಸರ ಕಳೆಯಲು ನನ್ನಿಂದ ಏನಾದರೂ ಓದಿಸುತ್ತಿದ್ದರು. ಒಂದು ಮಧ್ಯಾಹ್ನ ಸಿಕ್ಕಿದ್ದು ಮಿರ್ಚಿ ಕಟ್ಟಿದ್ದ, ಯಾವುದೋ ಕಥೆಯ ಒಂದೇ ಹಾಳೆ. ಹೊಡೆತ ತಾಳದೆ ತವರಿಗೆ ಬಂದವಳನ್ನು ಕರೆದೊಯ್ಯಲು ಗಂಡ ಬಾಗಿಲಲ್ಲಿ ನಿಂತಿದ್ದ. ಅಲ್ಲಿಗೆ ಹಾಳೆ ಮುಗಿದಿತ್ತು.

“ಹೋಗ್ತಾಳ ಬಿಡ್ರಿ, ಮತ್ತೇನ್ ಮಾಡ್ತಾಳ?” ಎಂದಳು ಒಬ್ಬಾಕೆ.

“ಎಲ್ಲಾರೂ ನಿನ್ನಂಗ ಪುಕ್ಕಲೇನು?” ಎಂದು ಇನ್ನೊಬ್ಬಳು ನಕ್ಕಳು.

ಎರಡು ತಿಂಗಳಿಂದ ತವರಿನಲ್ಲೇ ಇದ್ದ ಪಕ್ಕದ ಮನೆಯ ಗಂಗಕ್ಕ ನಗಲಿಲ್ಲ. “ಹೋದ್ಲೇನೋ ತಮ್ಮಾ? ಮುಂದ ಓದು,” ಎಂದಳು.

ಮುಂದೆ ಇಲ್ಲ ಎನ್ನಲು ನನಗೆ ಅಭಿಮಾನ ಅಡ್ಡ ಬಂತು. ಖಾಲಿ ಅಂಚನ್ನೇ ನೋಡುತ್ತಾ, “‘ನಾನು ಬರುವುದಿಲ್ಲ’ ಎಂದಳು,” ಎಂದು ಓದಿದೆ.

ಅಕ್ಷರ ತಿಳಿಯದ ಅಜ್ಜಿ ಹಾಳೆಯನ್ನೂ ನನ್ನನ್ನೂ ದಿಟ್ಟಿಸಿದಳು. “ಅಚ್ಚಾಗೇತಿ ಅಂದ್ರ ಖರೇನ ಇರ್ಬೇಕು ಬಿಡು,” ಎಂದಳು.

ಸಂಜೆ ಕೊಟ್ಟೂರಿನಿಂದ ಗಂಗಕ್ಕನ ಗಂಡ ಬಂದ. ಅವಳು ನೀರು ಕೊಟ್ಟಳು, ಉಣ್ಣಲು ಬಡಿಸಿದಳು. ಆಮೇಲೆ, “ಕೊಟ್ಟೂರಿಗೆ ಕಡೀ ಬಸ್ಸು ಏಳಕ್ಕೈತಿ, ಲಗೂನ ಹೋಗ್ರಿ,” ಎಂದಳು.