ನಮ್ಮ ಮನಿಯವರು

ಹೊಸ ಕಾದಂಬರಿಯ ಎರಡನೆಯ ಹಾಳೆಗೇ ಗುತ್ತೆವ್ವನ ಓದು ನಿಂತಿತು. ಕಥೆ ಬರೆದ ಪುಣ್ಯಾತ್ಮನಿಗೆ ಲೋಕದಲ್ಲಿ ಬೇರೆ ಹೆಸರೇ ಸಿಗಲಿಲ್ಲವೇನೋ, ನಾಯಕನಿಗೆ ಪರಮೇಶ ಎಂದು ಇಟ್ಟಿದ್ದ. ಗುತ್ತೆವ್ವನ ಗಂಡ ಪರಮೇಶಪ್ಪ. ಕಟ್ಟಿಕೊಂಡವನ ಹೆಸರನ್ನು ನಾಲ್ಕು ಜನರ ಮುಂದೆ ಬಾಯಿಗೆ ತರುವುದು ಹೇಗೆ?

"ಯಾಕ ನಿಂತಿ? ಓದು," ಎಂದಳು ಹುಚ್ಚವ್ವ. ಸವಣೂರಿನ ಮಕ್ತುಮಸಾಬನ ವಖಾರಿಯಲ್ಲಿ ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುವ ಹೆಂಗಸರಲ್ಲಿ ಅವಳೇ ಹಿರಿಯಳು.

"ಇಲ್ಲಿ ನಮ್ಮ ಮನಿಯವರ ಹೆಸರು ಬಂದೈತಿಬೇ."

"ಹಂಗಾರ ನಮ್ಮ ಮನಿಯವರು ಅಂತನ ಓದು. ಯಾಂವ ಆದ್ರೇನು, ಕತಿ ಮುಂದ ಹೋಗ್ಲಿ."

ಗುತ್ತೆವ್ವ ಹಾಗೆಯೇ ಓದಿದಳು. ಹೆಸರು ಬದಲಾದ ಮೇಲೆ 'ಬಂದ', 'ಹೋದ' ಎನ್ನಲು ನಾಲಿಗೆ ಏಳಲಿಲ್ಲ. ಅವೂ 'ಬಂದರು', 'ಹೋದರು' ಆದವು. ಮಧ್ಯಾಹ್ನದ ಹೊತ್ತಿಗೆ ಪುಸ್ತಕದ ಪರಮೇಶ ಕುಡುಕನಾಗಿ, ಹೆಂಡತಿಯ ಗುಂಡಿನ ಸರ ಕದ್ದು, ಚರಂಡಿಗೆ ಬಿದ್ದಾಗಿತ್ತು. "ನಮ್ಮ ಮನಿಯವರು ಚರಂಡಿಯಲ್ಲಿ ಮಲಗಿ ಹಾಡುತ್ತಿದ್ದರು" ಎಂದು ಅವಳು ಮರ್ಯಾದೆಯಿಂದ ಓದಿದಾಗ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು.

"ಹಾಡುತ್ತಿದ್ದರಂತ. ಇಂಥಾ ಹಲ್ಕಟ್‌ಗೆ ರೀ ಹಚ್ಚಿ ಓದತೀಯಲ್ಲ," ಎಂದಳು ಹುಚ್ಚವ್ವ.

"ಮನ್ಯಾಗಿದ್ದವರಿಗೆ ಹಚ್ಚೂದಿಲ್ಲೇನು? ಇಂವಗೊಂದು ಹಚ್ಚಿದ್ರ ನನ್ನ ಗಂಟೇನು ಹೋತು?"

ಗುತ್ತೆವ್ವ ಓದುವಾಗ ಉಳಿದವರು ತಮ್ಮ ರಾಶಿಯಿಂದ ಒಂದೊಂದು ಹಿಡಿ ಎಲೆ ಕಟ್ಟಿ ಅವಳ ಕಡೆಗೆ ಸರಿಸುತ್ತಿದ್ದರು. ಅವಳ ಕೂಲಿ ಮುರಿಯಬಾರದಲ್ಲ. ಕಂಬಕ್ಕೆ ಕಟ್ಟಿದ ಜೋಳಿಗೆಯಲ್ಲಿ ಮಲಗಿದ್ದ ಮಗಳನ್ನು ಅವಳು ಕಾಲಿನಿಂದಲೇ ತೂಗುತ್ತಿದ್ದಳು. ಹೊತ್ತು ಮೂಡುವ ಮೊದಲು ರೊಟ್ಟಿ, ಅತ್ತೆಯ ಕಾಲಿಗೆ ಎಣ್ಣೆ, ಎಮ್ಮೆಗೆ ಹಿಂಡಿ, ಆಮೇಲೆ ಈ ಎಲೆ. ಹಸಿದರೆ ಕೂಗುವವರು, ಅಂಗಿ ಸಿಗದಿದ್ದರೆ ಕೂಗುವವರು ಮನೆಯಲ್ಲಿ ಬೇಕಾದಷ್ಟಿದ್ದರು. ಅವಳ ದನಿ ಕೇಳಲೆಂದು ಸುಮ್ಮನಾಗುವವರು ಇದ್ದದ್ದು ಈ ವಖಾರಿಯಲ್ಲಿ ಮಾತ್ರ. ಮದುವೆಯಾದ ಮೇಲೆ ಅವಳು ತನಗೆಂದು ಗಳಿಸಿದ್ದು ಇದೊಂದೇ.

ಅದರ ಮೇಲೆಯೇ ಪರಮೇಶಪ್ಪನ ಕಣ್ಣು ಬಿದ್ದಿತ್ತು. "ಓದೋ ಹೆಣ್ಣು ಮನಿ ಮುರಿತೈತಿ. ಇವತ್ತ ಮತ್ತ ಓದಿದಿ ಅಂದ್ರ ಪುಸ್ತಕ ಒಲಿಗೆ ಹಾಕ್ತೇನಿ," ಎಂದು ಬೆಳಿಗ್ಗೆ ಗುಡುಗಿದ್ದ. ಕೂಲಿ ಬಿಡಿಸುವ ಮಾತು ಮಾತ್ರ ಎತ್ತಿರಲಿಲ್ಲ. ಅವನ ಬೀಡಿ ಹೊತ್ತುತ್ತಿದ್ದದ್ದೂ ಆ ಕೂಲಿಯಿಂದಲೇ. ಅವನದೇನಿದ್ದರೂ ಎಲೆ ಬುಟ್ಟಿಗಳ ಜೊತೆ ಅಲ್ಲಾಭಕ್ಷನ ಚಕ್ಕಡಿ ಹತ್ತಿ ಬಂಕಾಪುರದ ಸಂತೆಗೆ ಹೋಗಿ, ಮರುದಿನ ಬಂದು, ಮೈ ನೋವೆಂದು ಮಲಗುವ ಕೆಲಸ.

ಹೇಳಿದ ಹಾಗೆ ಪುಸ್ತಕ ಕಸಿಯಲು ಅವನು ವಖಾರಿಯ ಬಾಗಿಲಿಗೆ ಬಂದು ನಿಂತಾಗ ಗುತ್ತೆವ್ವ ಅತ್ತ ಬೆನ್ನು ಮಾಡಿ ಕುಳಿತಿದ್ದಳು. ಓದು ರಂಗೇರಿತ್ತು.

"ನಮ್ಮ ಮನಿಯವರು ಸಂತೆಯ ನೆವ ಹೇಳಿ ಊರು ಬಿಟ್ಟರು. ಆದರೆ ಸಂತೆಯಲ್ಲಿ ಅವರು ನಿಲ್ಲಲಿಲ್ಲ. ಹಿಂದಿನ ಓಣಿಯಲ್ಲಿ ಹಸಿರು ಬಾಗಿಲಿನ ಮನೆಯೊಂದಿತ್ತು. ಅಲ್ಲಿ ಆಕೆ ಹೂ ಮುಡಿದು ಅವರ ದಾರಿ ಕಾಯುತ್ತಿದ್ದಳು..."

"ಸಾಕು ನಿಂದ್ರಸು," ಎಂದ ಪರಮೇಶಪ್ಪ.

ಎಲ್ಲರೂ ತಿರುಗಿದರು. ಅವನ ಮುಖದಲ್ಲಿ ಸಿಟ್ಟು ಇರಬೇಕಿತ್ತು, ಬೆವರಿತ್ತು.

"ಬಂಕಾಪುರದ ಸುದ್ದಿ ನಿನಗ ಯಾರು ಹೇಳಿದ್ರು? ಆ ಅಲ್ಲಾಭಕ್ಷನ ಹೌದಲ್ಲ? ಚಕ್ಕಡಿ ಹೊಡಿಯಾಂವಗ ಮಂದಿ ಉಸಾಬರಿ ಯಾಕ ಬೇಕು?"

ಗುತ್ತೆವ್ವ ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಅವನನ್ನು ನೋಡಿದಳು. ಆ ಪುಸ್ತಕದಲ್ಲಿ ಬಂಕಾಪುರ ಎಂಬ ಊರೇ ಇರಲಿಲ್ಲ.

"ನಾ ಅಕಿ ಮನಿಗೆ ಬುಟ್ಟಿ ಇಳಸಾಕ ಅಷ್ಟ ಹೋಗ್ತೇನಿ," ಎಂದು ಅವನು ದನಿ ಏರಿಸಿದ. "ಮತ್ತ ಆ ಬಾಗಲಾ ಹಸರ ಇಲ್ಲ, ನೀಲಿ ಐತಿ. ಸುಳ್ಳಾದ್ರ ಕೇಳಿ ನೋಡ್ರಿ."

"ಯಾರ್ನ ಕೇಳೂದಪ್ಪ? ಅಕಿನ್ನ?" ಎಂದಳು ಹುಚ್ಚವ್ವ.

ಎಲೆ ಎಣಿಸುತ್ತಿದ್ದ ಕೈಗಳೆಲ್ಲ ನಿಂತವು. ಗುತ್ತೆವ್ವ ಈಗ ಅಳುತ್ತಾಳೆ, ಈಗ ಅಳುತ್ತಾಳೆ ಎಂದು ಹೆಂಗಸರು ಕಾದರು. ಅವಳಿಗೆ ಬಂದದ್ದು ಹೇಸಿಗೆ. ಪುಸ್ತಕದ ಪರಮೇಶ ಎಷ್ಟು ಕೆಟ್ಟವನಾದರೂ ಒಂದು ಸುಳ್ಳನ್ನು ನೆಟ್ಟಗೆ ಹೇಳುತ್ತಿದ್ದ. ತಾನು ರೊಟ್ಟಿ ಬಡಿದು ಹಾಕಿದ ಈ ಮನುಷ್ಯನಿಗೆ ಅದೂ ಬಾರದು.

ತಾನೇನು ಆಡಿದೆನೆಂಬುದು ಪರಮೇಶಪ್ಪನಿಗೆ ಆಗ ಹೊಳೆಯಿತು. ಅವನ ದನಿ ಒಮ್ಮೆಲೇ ಮೆತ್ತಗಾಯಿತು.

"ಹೋಗ್ಲಿ ಬಿಡು. ನಿನಗ ಓದಬ್ಯಾಡ ಅಂದಾವರ್ಯಾರು? ಓದ್ಕೊ. ದಿನಾ ಓದ್ಕೊ. ನಾ ಬರ್ತೇನಿ."

"ನಿಂದರ್ರಿ," ಎಂದಳು ಗುತ್ತೆವ್ವ. ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟಳು.

"ಯಾಕವ್ವ ಮುಚ್ಚಿದಿ? ಕತಿ ಇನ್ನೂ ಬಾಳ ಐತಲ್ಲ," ಎಂದಳು ಹುಚ್ಚವ್ವ.

"ಮುಂದಿನ ಕತಿ ಇದರಾಗ ಇಲ್ಲಬೇ, ಅವರ ಹೇಳ್ತಾರ. ಕುಂದ್ರಾಕ ಒಂದು ಚೀಲ ಹಾಸ್ರಿ."