ನೆಡದ ಸಸಿಗಳು

“ಅತ್ತಿ, ಅದನ್ನ ಕುಣಿಯಾಗ ಇಡಬ್ಯಾಡ್ರಿ.”

ಯಶೋಧರಾ ಹೊಲದ ಬದುವಿನ ಮೇಲಿಂದಲೇ ಕೂಗಿದಳು. ಕರೆವ್ವ ಮಾವಿನ ಸಸಿಯ ಪ್ಲಾಸ್ಟಿಕ್ ಚೀಲವನ್ನು ಇನ್ನೇನು ಹರಿಯುವುದರಲ್ಲಿದ್ದಳು. ಸೊಸೆ ಓಡಿ ಬಂದು ಸಸಿಯನ್ನು ಕೈಯಿಂದ ಕಿತ್ತುಕೊಂಡಾಗ ಅವಳಿಗೆ ಸಿಟ್ಟು ಬಂತು.

“ಮಳಿ ಬಂದೈತಿ, ಕುಣಿ ತಗದೇವಿ. ಇವು ಒಣಗಿ ಸಾಯಲಿ ಅಂತೀಯೇನು?”

“ಸಾಯೂದು ಬ್ಯಾಡ್ರಿ. ಆದ್ರ ಒಂದು ನೆಟ್ಟರೂ ನಾವು ಒಪ್ಪಿಕೊಂಡಂಗ ಆಕೈತಿ.”

ಹಿಂದಿನ ದಿನ ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ನರ್ಸರಿಯ ಚನ್ನೇಶ ಅಕ್ಕಿಆಲೂರಿನಿಂದ ಸಸಿಗಳನ್ನು ತಂದು, ಅಂಗಳದ ಬಿಸಿಲಿಗೆ ಇಳಿಸಿ ಹೋಗಿದ್ದ. ಅತ್ತೆ ಸೊಸೆ ತರಹೇಳಿದ್ದು ಆಪೂಸು ಮಾವಿನ ಕಸಿ ಸಸಿಗಳನ್ನು. ಸಂಜೆ ಯಶೋಧರಾ ಒಂದೊಂದರ ಕಾಂಡದ ಮೇಲೂ ಬೆರಳಾಡಿಸಿದಳು. ಕಸಿ ಕಟ್ಟಿದ ಗಂಟು ಒಂದರಲ್ಲೂ ಇರಲಿಲ್ಲ. ಎಲ್ಲವೂ ಗೊರಟೆಯಿಂದ ಎದ್ದ ಸಸಿಗಳು. ಎಂಥ ಹಣ್ಣು ಬಿಡುತ್ತವೆಂದು ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಮನೆಗಿದ್ದದ್ದು ಅದೊಂದೇ ಹೊಲ. ಕೂಡಲೇ ಫೋಟೋ ಕಳಿಸಿ ಫೋನು ಮಾಡಿದಳು. “ಇವು ನಾವು ಹೇಳಿದ್ದಲ್ಲ. ತಗೊಳ್ಳೂದಿಲ್ಲ. ಬಂದು ಒಯ್ರಿ.”

“ಪುರಸೊತ್ತಾದಾಗ ಬರ್ತೇನ್ರಿ,” ಎಂದು ಚನ್ನೇಶ ಫೋನಿಟ್ಟಿದ್ದ.

ಅತ್ತೆ ಸೊಸೆ ಸಸಿಗಳನ್ನು ಹಿತ್ತಲಿನ ಚಪ್ಪರದ ನೆರಳಿಗೆ ಸಾಗಿಸಿದರು. ನೀರು ಹೆಚ್ಚಾಯಿತೇ, ಆಡು ಬಿಚ್ಚಿಕೊಂಡಿತೇ ಎಂದು ಯಶೋಧರಾ ಮತ್ತೆ ಮತ್ತೆ ಹೋಗಿ ನೋಡುತ್ತಿದ್ದಳು. ಮಳೆ ಸುರಿದಾಗಲೆಲ್ಲ ಖಾಲಿ ಕುಣಿಗಳಲ್ಲಿ ನೀರು ನಿಲ್ಲುತ್ತಿತ್ತು. ಈ ಸಲ ನೆಡುವ ಹದವೇ ತಪ್ಪಿಹೋದರೆ ಎಂದು ಅವಳಿಗೆ ಊಟ ಸೇರುತ್ತಿರಲಿಲ್ಲ.

ವಾರದ ಮೇಲೆ ಚನ್ನೇಶ ಟೆಂಪೋ ತೆಗೆದುಕೊಂಡು ಬಂದ. ಮೊದಲು ಹೊಲದ ಕುಣಿಗಳನ್ನು ಇಣುಕಿ ನೋಡಿದ. ಆಮೇಲೆ ಚಪ್ಪರದ ಕೆಳಗೆ ಬಂದ. ಸಸಿಗಳು ಕೆಂಪು ಚಿಗುರು ಬಿಟ್ಟಿದ್ದವು.

“ಇಷ್ಟು ಜ್ವಾಕಿ ಮಾಡೀರಿ. ಅಂದಮ್ಯಾಲ ಇವು ನಿಮ್ಮವ ಆದ್ವಲ್ರಿ, ಅಕ್ಕಾರ,” ಎಂದು ನಕ್ಕ.

ಯಶೋಧರಾ ಮಾತು ಹೊಂದಿಸಿಕೊಳ್ಳುವಷ್ಟರಲ್ಲಿ ಕರೆವ್ವ ಎದ್ದು ನಿಂತಳು. “ಯಾರದರ ಆಕಳಾ ದಾರಿ ತಪ್ಪಿ ಬಂದ್ರ ನೀರು ಕುಡಸ್ತೇವಿ, ತಮ್ಮಾ. ಕುಡಿಸಿದ್ದಕ್ಕ ಅದು ನಮ್ಮದಾಕೈತೇನು?”

ಚನ್ನೇಶ ತಲೆ ಕೆರೆದುಕೊಂಡ.

“ಒಂದನ್ನ ನಮ್ಮ ಆಡು ತಿಂದೈತ್ರಿ,” ಎಂದಳು ಯಶೋಧರಾ. “ಅದು ನಮ್ಮ ತಪ್ಪು, ಅದರ ರೊಕ್ಕ ಕೊಡ್ತೇನಿ. ಉಳದವು ನಿಮ್ಮವು.”

ಜಗಳಕ್ಕೆ ತಯಾರಾಗಿ ಬಂದಿದ್ದ ಚನ್ನೇಶ ಆಡು ಮೇಯ್ದ ಮೋಟು ಕಡ್ಡಿಯ ಚೀಲವನ್ನು ಎತ್ತಿ ನೋಡಿ ಕೆಳಗಿಟ್ಟ.

“ಅದೊಂದು ಬಿಡ್ರಿ. ನಾಳೆ ಕಸಿ ಸಸಿ ತರ್ತೇನಿ. ನೀವು ನೋಡಿ ಹೂಂ ಅಂದಮ್ಯಾಲ ಇಳಸ್ತೇನಿ.”

ಮೂವರೂ ಸೇರಿ ಸಸಿಗಳನ್ನು ಏರಿಸಿದರು. ಟೆಂಪೋ ಹೊರಟಾಗ ಕರೆವ್ವ ಅದರ ಹಿಂದೆಯೇ ನಾಲ್ಕು ಹೆಜ್ಜೆ ಹೋದಳು.

“ತಮ್ಮಾ, ತಗ್ಗಿನ್ಯಾಗ ಸಾವಕಾಶ ಹೋಗು. ಚಿಗುರು ಇನ್ನೂ ಎಳೇವು ಅದಾವು.”

ಟೆಂಪೋ ನಿಧಾನವಾಯಿತು.